ಉಳಿಸುವವರ ಮಾತು, ಉಳಿಸುತ್ತೇವೆನ್ನುವವರ ಮಾತು

(ಕಾರವಾರದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಧರ್ಮ, ಸಂಸ್ಕೃತಿ, ರಾಜಕಾರಣ ಮೂರನ್ನೂ ಮುಟ್ಟಬೇಕು, ಅದರಲ್ಲೂ ಸಂಪ್ರದಾಯದ ಪರವಾಗಿ ಮಾತಾಡುವವರು ಏನು ಮಾತಾಡುತ್ತಿದ್ದಾರೆ ಎಂಬುದನ್ನು ನೋಡಬೇಕು ಎಂದು ಸಂಘಟಕರು ಕೇಳಿಕೊಂಡರು. ನಾನು ಯಾವ ಕಡೆಯವನು ಎಂದು ಹುಡುಕುತ್ತ ನೀವು ಅರ್ಧ ಗಂಟೆ ಕಳೆಯುವುದು ಬೇಡ, ಮೊದಲೇ ಹೇಳಿಬಿಡುತ್ತೇನೆ. ನಾನು ಆಸ್ತಿಕ. ಹಳೆಯದನ್ನು ಕೆಡಹುವ ಮುಂಚೆ ಅದು ಅಲ್ಲಿ ಯಾಕಿತ್ತು ಎಂದು ವಿಚಾರಿಸಿಕೊಳ್ಳಬೇಕು ಎನ್ನುವ ಪೈಕಿ. ಆದ್ದರಿಂದ ಇವತ್ತಿನ ನನ್ನ ತಕರಾರನ್ನು ಮನೆಯೊಳಗಿನ ಜಗಳ ಎಂದೇ ತಿಳಿಯಿರಿ.

ನಮ್ಮ ಉತ್ತರ ಕನ್ನಡ ಲೋಕಸಭಾ ಕ್ಷೇತ್ರದ ಚರಿತ್ರೆಯಿಂದ ಶುರುಮಾಡೋಣ. 1952, 1957, 1962, ಮೂರು ಚುನಾವಣೆಗಳಲ್ಲಿ ಕೆನರಾ ಜಿಲ್ಲೆ ದಿಲ್ಲಿಗೆ ಕಳಿಸಿದ್ದು ಜೋಕಿಂ ಆಳ್ವರನ್ನು. ಮತದಾರರಲ್ಲಿ ಬಹುಪಾಲು ಹಿಂದೂಗಳು, ಗೆದ್ದವರು ಕ್ರೈಸ್ತರು. 1967ರಲ್ಲಿ ಗೆದ್ದವರು ಅಂಕೋಲೆಯ ದಿನಕರ ದೇಸಾಯಿ. ಪುರೋಹಿತಶಾಹಿಯನ್ನೂ ಡಾಂಭಿಕ ಭಕ್ತಿಯನ್ನೂ ನಾಲ್ಕೇ ಸಾಲುಗಳಲ್ಲಿ ಚುಚ್ಚಿದ ಚುಟುಕಗಳ ಕವಿ, ಗೇಣಿ ರೈತರ ಹೋರಾಟದ ಮುಂದಾಳು. 1996ರಿಂದ ಈಚೆಗೆ 1999ರ ಒಂದು ಸಲ ಬಿಟ್ಟರೆ ಧರ್ಮರಕ್ಷಣೆಯ ಭಾಷೆಯಲ್ಲಿ ಮತ ಕೇಳುವ ಪಕ್ಷವೇ ಗೆಲ್ಲುತ್ತ ಬಂದಿದೆ. 1999ರಲ್ಲಿ ಗೆದ್ದ ಮಾರ್ಗರೆಟ್ ಆಳ್ವ ಅದೇ ಜೋಕಿಂ ಆಳ್ವರ ಸೊಸೆ.

ಇದನ್ನು ವಿವರಿಸುವಾಗ ಒಂದು ಬಣದವರು ಜನ ಕೊನೆಗೂ ಎಚ್ಚೆತ್ತರು ಎನ್ನುತ್ತಾರೆ. ಇನ್ನೊಂದು ಬಣದವರು ಜನ ಕೆಟ್ಟುಹೋದರು ಎನ್ನುತ್ತಾರೆ. ಎರಡೂ ನನಗೆ ಒಪ್ಪಿಗೆಯಿಲ್ಲ. ಆಳ್ವರಿಗೆ ಮತ ಹಾಕಿದ ಅಜ್ಜಿಯರು ನಮಗಿಂತ ಹೆಚ್ಚು ಉಪವಾಸ ಮಾಡುತ್ತಿದ್ದರು, ಬಂಡಿಹಬ್ಬಕ್ಕೆ ನಮಗಿಂತ ಮೊದಲೇ ಹೊರಡುತ್ತಿದ್ದರು. ಅವರ ಭಕ್ತಿಗೆ ಏನೂ ಕಡಿಮೆಯಾಗಿರಲಿಲ್ಲ. ಆದರೆ ಆ ಭಕ್ತಿಗೆ ವಕ್ತಾರರು ಇರಲಿಲ್ಲ. ಬೇಕೆಂದು ಅವರಿಗೆ ಅನ್ನಿಸಿರಲೂ ಇಲ್ಲ. ಈಗ ಎಲ್ಲ ಹಬ್ಬಕ್ಕೂ ಒಬ್ಬ ವಕ್ತಾರ, ಎಲ್ಲ ದೇವರಿಗೂ ಒಬ್ಬ ವಕೀಲ. ಬದಲಾದದ್ದು ಇದು.

ಈ ವಕ್ತಾರರು ಯಾವುದರ ಬಗ್ಗೆ ಮಾತಾಡುತ್ತಾರೆ, ಯಾವುದರ ಬಗ್ಗೆ ಬಾಯಿ ಮುಚ್ಚಿಕೊಳ್ಳುತ್ತಾರೆ ಎಂಬುದೇ ನನ್ನ ವಿಷಯ. ಅದಕ್ಕೂ ಮುಂಚೆ ನಮ್ಮ ಸೀಮೆಯಲ್ಲಿ ವಕ್ತಾರರಿಲ್ಲದ ಸಂಪ್ರದಾಯ ತಾನೇ ಹೇಗೆ ರಾಜಕಾರಣ ಮಾತಾಡುತ್ತಿತ್ತು ಎಂಬುದನ್ನು ನೋಡಬೇಕು.

ಅಂಕೋಲೆಯ ಹಾಲಕ್ಕಿ ಸಮುದಾಯದ ಕೇರಿಗಳಾದ ಕೊಪ್ಪಗಳಲ್ಲಿ ಫಾಲ್ಗುಣದಲ್ಲಿ ಸುಗ್ಗಿ ಕಟ್ಟುತ್ತಾರೆ. ಗೌಡ, ಬುದವಂತ, ಕೋಲಕಾರ, ಈ ಮೂವರ ಮಾತಿಲ್ಲದೆ ಕೊಪ್ಪದಲ್ಲಿ ಕಡ್ಡಿ ಅಲುಗುವುದಿಲ್ಲ. ವ್ರತದಂತೆ ನಿಯಮ ಹಿಡಿದು, ತಲೆಗೆ ತುರಾಯಿ ಕಟ್ಟಿ, ಗುಮಟೆ ಜಾಗಟೆಗಳೊಂದಿಗೆ ಮನೆಯಿಂದ ಮನೆಗೆ ಕುಣಿಯುತ್ತ ಹೋಗುತ್ತಾರೆ. ಯಾರು ಮುಂದೆ ನಿಲ್ಲಬೇಕು, ಯಾವ ಮನೆಯ ಅಂಗಳಕ್ಕೆ ಮೊದಲು ಹೋಗಬೇಕು, ತುರಾಯಿಯನ್ನು ಕೊನೆಗೆ ಎಲ್ಲಿ ಇಳಿಸಬೇಕು ಎಂಬುದಕ್ಕೆಲ್ಲ ಕಟ್ಟುಪಾಡಿದೆ. ಇದಕ್ಕಿಂತ ಸಂಪ್ರದಾಯನಿಷ್ಠವಾದ ಆಚರಣೆಯನ್ನು ನಮ್ಮ ಕರಾವಳಿಯಲ್ಲಿ ತೋರಿಸುವುದು ಕಷ್ಟ.

ಆ ಸುಗ್ಗಿಯ ಬಗಲಲ್ಲೇ ಹಗರಣ ಇದೆ. ಹೋಳಿಯ ಹೊತ್ತಿಗೆ ವೇಷ ಕಟ್ಟಿ ಬೀದಿಗೆ ಬರುವ ವಿಡಂಬನೆ. ಪೊಲೀಸ್ ಬರುತ್ತಾನೆ, ಸಾಹೇಬ ಬರುತ್ತಾನೆ, ಡಾಕ್ಟರ್ ಬರುತ್ತಾನೆ, ಮತ ಕೇಳುವವ ಬರುತ್ತಾನೆ, ಆ ವರ್ಷ ಊರಲ್ಲಿ ಸುದ್ದಿಯಾದದ್ದೆಲ್ಲ ಬರುತ್ತದೆ. ಯಾರನ್ನೂ ಬಿಡುವುದಿಲ್ಲ. ವರ್ಷಪೂರ್ತಿ ಕಚೇರಿಯ ಮೆಟ್ಟಿಲ ಮೇಲೆ ಕೈಕಟ್ಟಿ ನಿಂತವರು ಆ ದಿನ ಕಚೇರಿಯನ್ನೇ ಬೀದಿಗೆ ತಂದು ನಗೆಗೀಡು ಮಾಡುತ್ತಾರೆ. ನಗೆಗೆ ಗುರಿಯಾದವನು ಕೋಪ ಮಾಡಿಕೊಳ್ಳುವಂತಿಲ್ಲ, ಏಕೆಂದರೆ ಅದು ಹಬ್ಬ.

ಇದನ್ನು ಜಾನಪದ ಎಂಬ ಕಪಾಟಿನಲ್ಲಿಟ್ಟು ನಾವು ಸುಮ್ಮನಾಗಿದ್ದೇವೆ. ನನ್ನ ದೃಷ್ಟಿಯಲ್ಲಿ ಅದು ಉತ್ತರ ಕನ್ನಡದ ಅತಿ ಹಳೆಯ ರಾಜಕೀಯ ಅಂಕಣ. ಅದನ್ನು ಬರೆಯುವವರು ಸಂಪ್ರದಾಯವನ್ನು ಪ್ರತಿವರ್ಷ ಮೈಮೇಲೆ ಹೊತ್ತು ಕುಣಿಯುವವರು. ನಿಷ್ಠೆಗೂ ಟೀಕೆಗೂ ಅಲ್ಲಿ ವಿರೋಧವಿಲ್ಲ. ನಿಯಮ ಹಿಡಿದು ಕುಣಿಯುವ ಮನೆಗಳಿಂದಲೇ ಸಾಹೇಬನ ವೇಷವೂ ಬರುತ್ತದೆ. ಧರ್ಮದ ಹೆಸರಲ್ಲಿ ಮಾತಾಡುವ ಇವತ್ತಿನ ಪಂಡಿತರಿಗೆ ಈ ಎರಡನೆಯ ಅರ್ಧ ಮರೆತುಹೋಗಿದೆ. ತಮ್ಮ ಕಡೆಯ ಅಧಿಕಾರಸ್ಥನನ್ನು ಕಂಡು ನಗುವ ಶಕ್ತಿ ಅವರಲ್ಲಿ ಉಳಿದಿಲ್ಲ.

ಹಾಲಕ್ಕಿಗಳ ಮಾತು ಬಂದಾಗ ಬಡಿಗೇರಿಯ ಸುಕ್ರಿ ಬೊಮ್ಮಗೌಡರನ್ನು ನೆನೆಯದಿದ್ದರೆ ಆಗದು. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ನೂರಾರು ಹಾಡುಗಳು ಅವರ ನೆನಪಿನಲ್ಲಿದ್ದವು ಎಂದು ಎಲ್ಲರೂ ಹೇಳುತ್ತಾರೆ. ಊರಿನ ಸಾರಾಯಿಯ ವಿರುದ್ಧ ಅವರು ಬೀದಿಗಿಳಿದದ್ದನ್ನು ಮಾತ್ರ ಎಲ್ಲರೂ ಹೇಳುವುದಿಲ್ಲ. ಸಂಸಾರ ಉಳಿಯಬೇಕು, ಗಂಡಸರು ಮನೆಗೆ ನೆಟ್ಟಗೆ ಬರಬೇಕು, ಹಾಡು ಮುಂದಿನ ತಲೆಗೆ ದಾಟಬೇಕು. ಇಂಗ್ಲಿಷ್ ಪುಸ್ತಕಗಳಲ್ಲಿ ಸಂಪ್ರದಾಯವಾದ ಎಂದು ಕರೆಯುವುದರ ತಿರುಳೆಲ್ಲ ಇದರಲ್ಲಿದೆ. ಸಂಸ್ಕೃತಿ ರಕ್ಷಣೆಯ ವೇದಿಕೆಗಳು ಅವರ ಮಣಿಸರದ ಚಿತ್ರವನ್ನು ಬ್ಯಾನರಿಗೆ ಹಾಕಿಕೊಂಡವು. ಸಾರಾಯಿಯ ಮಾತನ್ನು ಹಾಕಿಕೊಳ್ಳಲಿಲ್ಲ. ಅಬಕಾರಿ ಆದಾಯ ಯಾವ ಪಕ್ಷದ ಸರ್ಕಾರಕ್ಕೆ ಬೇಡ ಹೇಳಿ? ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆಯ ಕಡತ ಎಷ್ಟು ಸರ್ಕಾರಗಳನ್ನು ಕಂಡಿದೆ ಎಂಬ ಲೆಕ್ಕ ಬೇರೆ.

ಅಂಕೋಲೆಯನ್ನು ಕರ್ನಾಟಕದ ಬಾರ್ಡೋಲಿ ಎನ್ನುತ್ತೇವೆ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಇಲ್ಲಿ ಉಪ್ಪಿನ ಕಾಯ್ದೆ ಮುರಿದರು. ಅದರ ಬೆನ್ನಿಗೇ ಕರನಿರಾಕರಣೆ. ಇದರಲ್ಲಿ ಗದ್ದೆ ಕಳೆದುಕೊಂಡವರು ಕ್ರಾಂತಿಯ ಪುಸ್ತಕ ಓದಿದವರಾಗಿರಲಿಲ್ಲ. ಮನೆದೇವರು, ಕುಲದ ಮರ್ಯಾದೆ, ಅಪ್ಪ ಬಿಟ್ಟುಹೋದ ಗದ್ದೆ, ಇಷ್ಟೇ ಲೋಕ ಎಂದುಕೊಂಡಿದ್ದ ನಾಡವ ಸಮುದಾಯದವರು ಮತ್ತು ಅವರ ಅಕ್ಕಪಕ್ಕದ ರೈತರು. ಕೊಟ್ಟ ಮಾತಿಗಾಗಿ ಅದೇ ಗದ್ದೆಯನ್ನು ಜಪ್ತಿಗೆ ಬಿಟ್ಟುಕೊಟ್ಟರು. 1937ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಜಮೀನು ಹಿಂದಿರುಗಿಸುವ ಕೆಲಸ ನಡೆಯಿತು. ಸಂಪ್ರದಾಯಸ್ಥ ಅಂದರೆ ಸರ್ಕಾರದ ಕಾಲಿಗೆ ಬೀಳುವವ ಎಂಬ ತಿಳಿವಳಿಕೆ ಇದ್ದವರು ಆ ಮನೆಗಳ ಜಗುಲಿಯಲ್ಲಿ ಒಂದು ಗಳಿಗೆ ಕೂತು ಬರಬೇಕು.

ಇನ್ನು ಕಾರವಾರದ ಮಾತು. 1883ರಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದ ರವೀಂದ್ರನಾಥ ಟಾಗೋರರು ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಈ ಊರಲ್ಲಿ. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಕಡಲತೀರಕ್ಕೆ ಅವರ ಹೆಸರಿಟ್ಟಿದ್ದೇವೆ, ನಾಟಕದಲ್ಲಿ ಏನಿದೆ ಎಂದು ಕೇಳಿದರೆ ಊರಲ್ಲಿ ಹತ್ತು ಜನ ಹೇಳುವುದು ಕಷ್ಟ. ಎಲ್ಲವನ್ನೂ ಗೆದ್ದೆನೆಂದುಕೊಂಡ ಒಬ್ಬ ಸನ್ಯಾಸಿ, ಊರು ಮುಟ್ಟಿಸಿಕೊಳ್ಳದ ಒಬ್ಬ ಅನಾಥ ಹುಡುಗಿ. ಅವಳ ಮೇಲೆ ಹುಟ್ಟಿದ ಮಮತೆಗೆ ಹೆದರಿ ಸನ್ಯಾಸಿ ಓಡುತ್ತಾನೆ. ತನ್ನ ವೈರಾಗ್ಯವೂ ಒಂದು ಅಹಂಕಾರವೇ ಎಂದು ತಿಳಿದು ಮರಳಿ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಧರ್ಮದ ಬಗ್ಗೆ ಧರ್ಮದ ಒಳಗಿನಿಂದಲೇ ಬಂದ ಆ ಟೀಕೆಗೆ ನಮ್ಮ ಊರೇ ನೆಲೆ.

ಒಳಗಿನಿಂದ ಬಂದ ಟೀಕೆ ಎಂದೆ. ದಿನಕರ ದೇಸಾಯಿ, ಗೌರೀಶ ಕಾಯ್ಕಿಣಿ ಇಬ್ಬರನ್ನೂ ನಾನು ಅದೇ ಸಾಲಿನಲ್ಲಿ ಕೂರಿಸುತ್ತೇನೆ, ಅವರೇನಾದರೂ ಕೇಳಿಸಿಕೊಂಡಿದ್ದರೆ ಒಪ್ಪುತ್ತಿರಲಿಲ್ಲವೇನೋ. ಕಾಯ್ಕಿಣಿಯವರು 1912ರಲ್ಲಿ ಹುಟ್ಟಿದ್ದು ಗೋಕರ್ಣದಲ್ಲಿ, ಗಂಟೆಯ ಸದ್ದು ಮನೆಗೆ ಕೇಳುವ ಕ್ಷೇತ್ರದಲ್ಲಿ. ಎಂ.ಎನ್. ರಾಯ್ ಅವರ ವಿಚಾರಗಳನ್ನು ಮೆಚ್ಚಿ ಮಾನವತಾವಾದಿಯಾದರು, ಬಂಕಿಕೊಡ್ಲದ ಶಾಲೆಯಲ್ಲಿ ಮೇಷ್ಟರಾಗಿ ಬದುಕಿದರು. ದೇಸಾಯಿಯವರು ‘ಜನಸೇವಕ’ ವಾರಪತ್ರಿಕೆ ನಡೆಸಿದರು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಶಾಲೆಯಿಲ್ಲದ ಕಡೆ ಶಾಲೆ ತೆರೆದರು. ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು. ಇಬ್ಬರಿಗೂ ತಾವು ಲೇವಡಿ ಮಾಡುವ ಸರಕಿನ ಪೂರ್ತಿ ಪರಿಚಯವಿತ್ತು. ಪುರಾಣ ಗೊತ್ತಿದ್ದೇ ಪುರಾಣವನ್ನು ಕೆಣಕಿದರು.

ಪ್ರಗತಿಪರ ಗೆಳೆಯರು ಮುನಿಸಿಕೊಂಡರೂ ಪರವಾಗಿಲ್ಲ, ಒಂದು ಮಾತು ಹೇಳಬೇಕು. ಆ ಇಬ್ಬರ ತರುವಾಯ ಬಂದವರಲ್ಲಿ ಹಲವರಿಗೆ ಆ ಸರಕಿನ ಗಂಧವಿಲ್ಲ. ಜಾತ್ರೆ ಎಂದರೆ ಮೌಢ್ಯ, ಹರಕೆ ಎಂದರೆ ಶೋಷಣೆ ಎಂದು ಒಂದೇ ಗೆರೆಯಲ್ಲಿ ಮುಗಿಸಿಬಿಡುತ್ತಾರೆ. ಗುನಗರು ಪೂಜಾರಿಕೆ ನಡೆಸುವ ಗ್ರಾಮದೇವತೆಯ ಗುಡಿಯೊಂದರಲ್ಲಿ ಯಾವ ಜಾತಿಗೆ ಯಾವ ಸೇವೆ ಸಲ್ಲುತ್ತದೆ, ಯಾರ ಮನೆಯ ಎಣ್ಣೆ ಬಾರದೆ ದೀಪ ಹತ್ತುವುದಿಲ್ಲ, ಈ ಏರ್ಪಾಟಿನಲ್ಲಿ ಯಾರಿಗೆ ಅನ್ಯಾಯ ಮತ್ತು ಯಾರಿಗೆ ಗೌರವ ಎಂದು ಕೂತು ತಿಳಿದುಕೊಳ್ಳುವ ತಾಳ್ಮೆಯಿಲ್ಲ. ಅವರು ಬಿಟ್ಟುಹೋದ ಅಂಗಳವನ್ನು ಗಟ್ಟಿ ಗಂಟಲಿನವರು ತುಂಬಿಕೊಂಡರು.

ಈಗ ಗೋಕರ್ಣಕ್ಕೆ ಬರೋಣ. ಕುಮಟಾ ತಾಲೂಕು ಎನ್ನುತ್ತೀರಿ. ಗಂಗಾವಳಿ ಹೊಳೆಯ ಈಚೆ ದಡದಲ್ಲಿರುವ ನಮಗೆ ಅದೇನು ಪರ ಊರಲ್ಲ. 2008ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರ ಮಹಾಬಲೇಶ್ವರ ದೇವಾಲಯವನ್ನು ಮುಜರಾಯಿ ಪಟ್ಟಿಯಿಂದ ತೆಗೆದು ರಾಮಚಂದ್ರಾಪುರ ಮಠಕ್ಕೆ ಒಪ್ಪಿಸಿತು. ದೇವಾಲಯ ಮೊದಲಿನಿಂದ ತಮಗೆ ಸೇರಿದ್ದು ಎಂಬುದು ಮಠದ ವಾದ. ಇದು ಸಾರ್ವಜನಿಕ ದೇವಾಲಯ, ಪೂಜೆಯ ಹಕ್ಕು ತಲೆತಲಾಂತರದಿಂದ ತಮ್ಮ ಮನೆತನಗಳದ್ದು ಎಂಬುದು ಅಲ್ಲಿನ ಅರ್ಚಕರಾದ ಉಪಾಧಿವಂತರ ವಾದ. ಪ್ರಕರಣ ಹೈಕೋರ್ಟಿಗೆ ಹೋಯಿತು. ಹತ್ತು ವರ್ಷದ ಮೇಲೆ, 2018ರ ಆಗಸ್ಟಿನಲ್ಲಿ, ಹೈಕೋರ್ಟು ಸರ್ಕಾರದ ಆದೇಶವನ್ನು ರದ್ದು ಮಾಡಿತು. ಕೆಲವೇ ವಾರಗಳಲ್ಲಿ ಸುಪ್ರೀಂ ಕೋರ್ಟಿನ ಮಧ್ಯಂತರ ಆದೇಶದಿಂದ ಆಡಳಿತ ಮತ್ತೆ ಮಠದ ಕೈಗೆ ಬಂತು. 2021ರ ಏಪ್ರಿಲ್‌ನಲ್ಲಿ ಅದೇ ಸುಪ್ರೀಂ ಕೋರ್ಟು ನಿವೃತ್ತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಅಧ್ಯಕ್ಷತೆಯ ಸಮಿತಿಗೆ ಆಡಳಿತ ವಹಿಸಿತು.

ಯಾರ ವಾದ ಸರಿ ಎಂದು ಹೇಳುವ ಅಧಿಕಾರ ನನಗಿಲ್ಲ, ಅದು ನ್ಯಾಯಾಲಯದ ಕೆಲಸ. ನಾನು ಗಮನಿಸಿದ್ದು ಬೇರೆ. ಈ ಜಗಳದಲ್ಲಿ ನಾಸ್ತಿಕ ಯಾರೂ ಇರಲಿಲ್ಲ. ಎರಡೂ ಕಡೆ ಜನಿವಾರ, ಎರಡೂ ಕಡೆ ರುದ್ರಾಧ್ಯಾಯ, ಎರಡೂ ಕಡೆ ಪರಂಪರೆಯ ದಾಖಲೆ. ದೇವಸ್ಥಾನಗಳನ್ನು ಸರ್ಕಾರದ ಹಿಡಿತದಿಂದ ಬಿಡಿಸಬೇಕು ಎಂಬ ಕೂಗನ್ನು ನಾವು ದಿನಾ ಕೇಳುತ್ತೇವೆ. 2021ರ ಡಿಸೆಂಬರಿನಲ್ಲಿ ಆಗಿನ ಮುಖ್ಯಮಂತ್ರಿಗಳೇ ಆ ಮಾತು ಕೊಟ್ಟಿದ್ದರು. ಬಿಡಿಸಿ ಯಾರ ಕೈಗೆ ಕೊಡುವುದು? ಮಠಕ್ಕೋ, ಅರ್ಚಕ ಮನೆತನಗಳಿಗೋ, ಊರಿನ ಹತ್ತು ಸಮಸ್ತರಿಗೋ, ದರ್ಶನಕ್ಕೆ ಬರುವ ಭಕ್ತರಿಗೋ? ಗೋಕರ್ಣ ಈ ಪ್ರಶ್ನೆಯನ್ನು ನಮ್ಮ ಅಂಗಳದಲ್ಲೇ ಇಟ್ಟಿತ್ತು. ಭಕ್ತನೇ ಒಳಗೆ ಹೋಗಿ ಲಿಂಗವನ್ನು ಮುಟ್ಟಿ ಪೂಜಿಸುವ ಪದ್ಧತಿ ಇರುವ ಕ್ಷೇತ್ರ ಅದು. ಅಲ್ಲಿ ಒಡೆತನದ ಪ್ರಶ್ನೆ ಬರೀ ಹುಂಡಿಯ ಪ್ರಶ್ನೆ ಆಗಲಾರದು. ನಾಡಿನ ದೊಡ್ಡ ದೊಡ್ಡ ಧರ್ಮಚಿಂತಕರು ಆ ಹತ್ತು ಹದಿಮೂರು ವರ್ಷ ಈ ಪ್ರಶ್ನೆಯ ಬಳಿ ಸುಳಿಯಲಿಲ್ಲ. ಎದುರಾಳಿ ಅನ್ಯಮತದವನಾಗಿದ್ದರೆ ಪುಟಗಟ್ಟಲೆ ಬರೆಯುತ್ತಿದ್ದರು. ಇಬ್ಬರೂ ನಮ್ಮವರೇ ಆದಾಗ ಲೇಖನಿ ಒಣಗಿತು.

ಸಂವಿಧಾನದ ಮಾತು ಇಲ್ಲೇ ಬರುತ್ತದೆ. 2017ರ ಡಿಸೆಂಬರಿನಲ್ಲಿ ನಮ್ಮ ಕ್ಷೇತ್ರದ ಸಂಸದರೂ ಆಗ ಕೇಂದ್ರ ಸಚಿವರೂ ಆಗಿದ್ದ ಅನಂತಕುಮಾರ ಹೆಗಡೆಯವರು ಕುಕನೂರಿನಲ್ಲಿ ಸಂವಿಧಾನ ಬದಲಿಸುವ ಮಾತಾಡಿ, ಗದ್ದಲವಾದ ಮೇಲೆ ಲೋಕಸಭೆಯಲ್ಲಿ ಕ್ಷಮೆ ಕೇಳಿದರು. ಗೋಕರ್ಣದ ಪರಂಪರೆ ತನ್ನ ಹಕ್ಕು ಉಳಿಸಿಕೊಡಿ ಎಂದು ಹೋದದ್ದು ಎಲ್ಲಿಗೆ? ಸಂವಿಧಾನ ನಿಲ್ಲಿಸಿದ ನ್ಯಾಯಾಲಯಕ್ಕೆ. ಇದು ನಮ್ಮ ಕರಾವಳಿಗೆ ಹೊಸತೂ ಅಲ್ಲ. 1954ರ ಶಿರೂರು ಮಠದ ಪ್ರಕರಣ ಉಡುಪಿಯದು. ಧರ್ಮದ ಆಚರಣೆಗಳಲ್ಲಿ ಸರ್ಕಾರ ಎಲ್ಲಿಯವರೆಗೆ ಕೈಹಾಕಬಹುದು ಎಂಬ ಬಗ್ಗೆ ಇಡೀ ದೇಶದ ಕೋರ್ಟುಗಳು ಇವತ್ತಿಗೂ ತಿರುಗಿ ನೋಡುವ ತೀರ್ಪು. ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಪ್ರಕರಣ 1957ರಲ್ಲಿ ತೀರ್ಮಾನವಾಯಿತು. ಅದು ಗೌಡ ಸಾರಸ್ವತರ ದೇವಸ್ಥಾನ. ಎಲ್ಲ ಹಿಂದೂಗಳಿಗೂ ಒಳಗೆ ಬರುವ ಹಕ್ಕಿದೆ, ಕೆಲವು ವಿಶೇಷ ಸೇವೆಗಳನ್ನು ಮಾತ್ರ ಆ ಸಮಾಜ ತನಗೇ ಇಟ್ಟುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟು ಹೇಳಿತು. ಬಾಗಿಲೂ ತೆರೆಯಿತು, ಸಂಪ್ರದಾಯಕ್ಕೂ ಜಾಗ ಉಳಿಯಿತು. ಸಂಪ್ರದಾಯದ ಪಕ್ಷದಲ್ಲಿ ನಿಂತ ನನ್ನಂಥವನಿಗೆ ಸಂವಿಧಾನಕ್ಕಿಂತ ದೊಡ್ಡ ಕಾವಲುಗಾರ ಯಾರಿದ್ದಾರೆ?

ಹೆಗಡೆಯವರು ಆ ಮಾತಾಡಿದ 2017ರ ಡಿಸೆಂಬರಿನಲ್ಲೇ ಇನ್ನೊಂದು ಘಟನೆ ನಡೆಯಿತು. ಹೊನ್ನಾವರದಲ್ಲಿ ಒಬ್ಬ ಹುಡುಗನ ಶವ ಕೆರೆಯಲ್ಲಿ ಸಿಕ್ಕಿತು. ಮರಣೋತ್ತರ ವರದಿಯ ಶಾಯಿ ಆರುವ ಮೊದಲೇ ಅದು ಎಂಥ ಕೊಲೆ, ಯಾಕೆ ಕೊಲೆ ಎಂದು ವಿವರಿಸುವ ಮಾತುಗಳು ಹೊರಟವು. ಕುಮಟಾದಲ್ಲಿ ಪೊಲೀಸ್ ಅಧಿಕಾರಿಯ ವಾಹನಕ್ಕೆ ಬೆಂಕಿ ಬಿತ್ತು, ಶಿರಸಿಯಲ್ಲಿ ಕಲ್ಲು ಹಾರಿದವು. ಸಿಬಿಐ ತನಿಖೆ ಮಾಡಿ 2022ರ ಅಕ್ಟೋಬರಿನಲ್ಲಿ, ಇದು ಕೊಲೆಯೆನ್ನಲು ಆಧಾರವಿಲ್ಲ, ನೀರಿಗೆ ಬಿದ್ದು ಆದ ಸಾವು ಎಂದು ನ್ಯಾಯಾಲಯಕ್ಕೆ ವರದಿ ಕೊಟ್ಟಿತು. ಆ ಐದು ವರ್ಷಗಳಲ್ಲಿ ಒಂದು ವಿಧಾನಸಭಾ ಚುನಾವಣೆ, ಒಂದು ಲೋಕಸಭಾ ಚುನಾವಣೆ ಮುಗಿದಿದ್ದವು. ಮಗನನ್ನು ಕಳೆದುಕೊಂಡ ಮನೆ ಮೀನುಗಾರರದ್ದು. ಕಲ್ಲು ತೂರಿದ ಆರೋಪ ಹೊತ್ತು ಕೋರ್ಟಿಗೆ ಅಲೆದವರೂ ಹೆಚ್ಚಾಗಿ ಅಂಥದ್ದೇ ಮನೆಗಳ ಹುಡುಗರು. ಭಾಷಣ ಮಾಡಿದ ಬಹುತೇಕರು ಅಲೆಯಲಿಲ್ಲ.

ನಮ್ಮ ಕಣ್ಣೆದುರೇ ಇದ್ದೂ ಹೋಗಲಾಗದ ಒಂದು ಜಾಗಕ್ಕೆ ಈಗ ನಿಮ್ಮನ್ನು ಕರೆದೊಯ್ಯಬೇಕು: ಅಂಜದೀವ್ ದ್ವೀಪ. ಲೆಕ್ಕಕ್ಕೆ ಗೋವೆಯದು, ನೋಟಕ್ಕೆ ಕಾರವಾರದ್ದು. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ತಂಗಿದ, 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರು. ಅಲ್ಲಿದ್ದ ಆರ್ಯಾದುರ್ಗೆಯನ್ನು ಭಕ್ತರು ಅಂಕೋಲೆಗೆ ತಂದು ನೆಲೆಗೊಳಿಸಿದರು ಎಂಬುದು ಪರಂಪರೆಯ ನಂಬಿಕೆ. ಇವತ್ತಿಗೂ ಎಷ್ಟೋ ಸಾರಸ್ವತ ಮನೆತನಗಳಿಗೆ ಅಂಕೋಲೆಯ ಆ ತಾಯಿಯೇ ಕುಲದೇವಿ. ದ್ವೀಪದಲ್ಲಿ ಆಮೇಲೆ ಬ್ರೋತಸ್ ಮಾತೆಯ ಇಗರ್ಜಿ ಬಂತು. ಗೋವೆಯಿಂದ ಕ್ರೈಸ್ತರು ವರ್ಷವರ್ಷ ದೋಣಿಯಲ್ಲಿ ಫೆಸ್ತಿಗೆ ಹೋಗುತ್ತಿದ್ದರು. 1961ರ ಡಿಸೆಂಬರಿನಲ್ಲಿ ದ್ವೀಪವನ್ನು ಬಿಡಿಸಿಕೊಳ್ಳುವಾಗ ನಮ್ಮ ನೌಕಾಪಡೆಯ ಏಳು ಜನ ಅಲ್ಲಿ ಪ್ರಾಣಕೊಟ್ಟರು. ನೌಕಾನೆಲೆಗಾಗಿ ದ್ವೀಪ ರಕ್ಷಣಾ ಇಲಾಖೆಗೆ ಸೇರಿದ ಮೇಲೆ ಫೆಸ್ತೂ ನಿಂತಿತು.

ಆ ದ್ವೀಪದಿಂದ ಎರಡು ಸಲ ಭಕ್ತರು ಹೊರಬಿದ್ದಿದ್ದಾರೆ. ಆರ್ಯಾದುರ್ಗೆ ಬಂದದ್ದನ್ನು ನೆನೆದು ಆವೇಶದಿಂದ ಬರೆಯುವವರಿಗೆ ಇಗರ್ಜಿಗೆ ಬೀಗ ಬಿದ್ದದ್ದು ನಷ್ಟ ಎನ್ನಿಸುವುದಿಲ್ಲ. ದೇಶರಕ್ಷಣೆಗಾಗಿ ಬೀಗ ಹಾಕಿದ್ದು, ಒಪ್ಪಿಕೊಳ್ಳಬೇಕು ಎನ್ನುತ್ತಾರೆ. ನಾನೂ ಒಪ್ಪುತ್ತೇನೆ. ಆದರೆ ಹಾಗೆ ಒಪ್ಪಿಕೊಂಡವರು ಬರೀ ಕ್ರೈಸ್ತರೇ?

ಅದೇ ನೌಕಾನೆಲೆಯ ಸೀಬರ್ಡ್ ಯೋಜನೆಗೆ 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಅಡಿಗಲ್ಲು ಇಟ್ಟರು. 2005ರ ಮೇ ತಿಂಗಳಲ್ಲಿ ಐಎನ್‌ಎಸ್ ಕದಂಬ ಲೋಕಾರ್ಪಣೆಯಾಯಿತು. ಈ ನಡುವೆ ಅರಗಾದಿಂದ ಹಾರವಾಡದವರೆಗಿನ ಕರಾವಳಿಯಲ್ಲಿ 4,000ಕ್ಕೂ ಹೆಚ್ಚು ಕುಟುಂಬಗಳು ಎದ್ದುಹೋದವು. ಹೋದದ್ದು ಬರೀ ಗದ್ದೆಯಲ್ಲ. ನಾಗನ ಕಲ್ಲು, ಜಟಕನ ಕಟ್ಟೆ, ಗ್ರಾಮದೇವತೆಯ ಬನ, ಹಿರಿಯರನ್ನು ಸುಟ್ಟ ಮಸಣ, ದೋಣಿ ನೀರಿಗಿಳಿಸುವ ಮುನ್ನ ತೆಂಗಿನಕಾಯಿ ಒಡೆಯುತ್ತಿದ್ದ ದಡ. ಪರಿಹಾರದ ಲೆಕ್ಕದಲ್ಲಿ ತೆಂಗಿನ ಮರಕ್ಕೆ ಬೆಲೆ ಇತ್ತು, ಮರದ ಬುಡದಲ್ಲಿ ಕೂತ ದೇವರಿಗೆ ಕಾಲಮ್ಮೇ ಇರಲಿಲ್ಲ. ಕಾಲೊನಿಯ ಸಾಲುಮನೆಗೆ ಬಂದ ಒಂದು ಮನೆತನ ತನ್ನ ಜಟಕನನ್ನು ಎಲ್ಲಿ ಕೂರಿಸಬೇಕು? ಅಳತೆ ಮಾಡಿ ಕೊಟ್ಟ ಸೈಟಿನಲ್ಲಿ ಬನ ಬೆಳೆಯುತ್ತದೆಯೇ? ಹೆಚ್ಚಿನ ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟು ಹತ್ತಿದ ಜನ ಈ ಬೇರೆ ನಷ್ಟವನ್ನು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ, ಹೇಳಿಕೊಳ್ಳುವ ನಮೂನೆಯೇ ಇರಲಿಲ್ಲ. ಸ್ವತಂತ್ರ ಭಾರತದಲ್ಲಿ ಕಾರವಾರ, ಅಂಕೋಲೆ ತಾಲೂಕುಗಳ ಹಿಂದೂ ಆಚರಣೆಗಳಿಗೆ ಬಿದ್ದ ಅತಿ ದೊಡ್ಡ ಪೆಟ್ಟು ಇದು ಎಂದು ನಾನು ತಿಳಿದಿದ್ದೇನೆ. ಧರ್ಮ ಅಪಾಯದಲ್ಲಿದೆ ಎಂದು ವಾರಕ್ಕೊಮ್ಮೆ ಬರೆಯುವವರ ಬರಹಗಳಲ್ಲಿ ಈ ಅಪಾಯ ನನ್ನ ಕಣ್ಣಿಗೆ ಬಿದ್ದಿಲ್ಲ. ನೌಕಾನೆಲೆ ಬೇಡವಿತ್ತು ಎನ್ನುತ್ತಿಲ್ಲ. ತ್ಯಾಗ ಮಾಡಿದವರ ತ್ಯಾಗ ಏನೆಂದು ಗುರುತಿಸುವ ಕೆಲಸ ಸಂಪ್ರದಾಯದ ಲೇಖಕನದಲ್ಲದೆ ಇನ್ನಾರದು?

ಎಲ್ಲರೂ ಸುಮ್ಮನಿದ್ದರು ಎಂದರೆ ತಪ್ಪಾಗುತ್ತದೆ. ಘಟ್ಟದ ಮೇಲೆ ಬೇಡ್ತಿ ನದಿಗೆ ಅಣೆಕಟ್ಟು ಕಟ್ಟುವ ಯೋಜನೆಯನ್ನು 1980ರ ಆಸುಪಾಸಿನಲ್ಲಿ ಶಿರಸಿ, ಯಲ್ಲಾಪುರದ ಅಡಿಕೆ ಬೆಳೆಗಾರರು ಎದುರಿಸಿ ನಿಲ್ಲಿಸಿದರು. ಅವರು ಅತ್ಯಂತ ಮಡಿವಂತ ಜನ. ಕೈಗಾ ಅಣುಸ್ಥಾವರದ ವಿರುದ್ಧ ದನಿಯೆತ್ತಿದ ಶಿವರಾಮ ಕಾರಂತರು 1989ರಲ್ಲಿ ನಮ್ಮ ಲೋಕಸಭಾ ಕ್ಷೇತ್ರದಿಂದಲೇ ಸ್ಪರ್ಧಿಸಿದರು, ಸೋತರು. ಅವರು ದೇವರನ್ನು ನಂಬದವರು. ಅವರಿಗೂ ಆ ಹವ್ಯಕ ತೋಟಿಗರಿಗೂ ಆ ಹೊತ್ತಿನಲ್ಲಿ ಬೇಕಾದದ್ದು ಒಂದೇ ಆಗಿತ್ತು. ಈಚಿನ ವರ್ಷಗಳಲ್ಲಿ ಬೇಡ್ತಿ–ವರದಾ ಜೋಡಣೆಯ ಪ್ರಸ್ತಾಪ ಬಂದಾಗ ಸೋಂದಾ ಸ್ವರ್ಣವಲ್ಲಿ ಮಠದ ಗಂಗಾಧರೇಂದ್ರ ಸರಸ್ವತೀ ಸ್ವಾಮಿಗಳು ಮುಂದೆ ನಿಂತು ವಿರೋಧಿಸಿದರು. ಯೋಜನೆ ಯಾವ ಪಕ್ಷದ ಸರ್ಕಾರದ್ದು ಎಂದು ನೋಡಿ ದನಿ ಏರಿಸಿ ಇಳಿಸಲಿಲ್ಲ. ಕಾವಿಯ ರಾಜಕೀಯ ಮಾತಿಗೆ ನಮ್ಮ ಜಿಲ್ಲೆಯಲ್ಲಿ ಒಂದು ಒಳ್ಳೆಯ ಉದಾಹರಣೆ ಕೊಡಿ ಎಂದರೆ ನಾನು ಇದನ್ನೇ ಕೊಡುತ್ತೇನೆ: ಏನನ್ನು ಉಳಿಸಬೇಕು ಎಂಬುದಕ್ಕೆ ಹೆಸರಿದೆ, ಗಡಿಯಿದೆ, ಹರಿಯುವ ನೀರಿದೆ.

ಅದೇ ಬೇಡ್ತಿ ಘಟ್ಟ ಇಳಿದ ಮೇಲೆ ಗಂಗಾವಳಿ. ಮಂಜಗುಣಿಯ ಹತ್ತಿರ ಕಡಲು ಸೇರುತ್ತದೆ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಜನರ ಸಮೇತ ಬಂದು ಬಿದ್ದದ್ದು ಇದೇ ಹೊಳೆಗೆ. ಅದರ ಉತ್ತರಕ್ಕೆ ಕೇಣಿ. ಅಲ್ಲಿ ದೊಡ್ಡ ವಾಣಿಜ್ಯ ಬಂದರು ಬರಲಿದೆ ಎಂದು ಗೊತ್ತಾದ ಮೇಲೆ 2025ರಲ್ಲಿ ಮೀನುಗಾರರು ಹೆಂಗಸರು ಮಕ್ಕಳೊಂದಿಗೆ ದಡದಲ್ಲಿ ಕೂತರು. ಅದಕ್ಕೂ ಮುಂಚೆ, 2020ರ ಜನವರಿಯಲ್ಲಿ, ಇಲ್ಲಿ ಕಾರವಾರದಲ್ಲಿ ಟಾಗೋರ್ ತೀರದ ಪಕ್ಕದ ಬಂದರು ವಿಸ್ತರಣೆಯ ವಿರುದ್ಧ ಇದೇ ಜನ ಬೀದಿಗಿಳಿದಿದ್ದರು. ಇವರು ಬೇಡ ಎನ್ನುತ್ತಿರುವುದು ಯಾವುದನ್ನು? ಅಜ್ಜನ ಕಾಲದ ರಾಂಪಣಿ ಬಲೆ ಎಳೆಯುವ ಜಾಗ ಹೋಗುವುದನ್ನು, ಶ್ರಾವಣದಲ್ಲಿ ಸಮುದ್ರ ಪೂಜೆ ಮಾಡುವ ದಡ ಹೋಗುವುದನ್ನು, ಹುಡುಗರು ಊರು ಬಿಟ್ಟು ಗೋವೆಯ ಬೋಟುಗಳಿಗೆ ಕೂಲಿ ಹೋಗುವುದನ್ನು. ಶುದ್ಧ ಸಂಪ್ರದಾಯದ ಬೇಡಿಕೆಗಳು ಇವು. ಚಳವಳಿಗಾರರು, ಅಭಿವೃದ್ಧಿ ವಿರೋಧಿಗಳು ಎಂಬ ಬಿರುದು ಮಾತ್ರ ಇವರಿಗೆ ಸಿಕ್ಕಿದೆ.

ಘಟ್ಟದ ಮೇಲಿನ ಅಡಿಕೆ ತೋಟದ ಬದುಕಿಗೆ ಮಾತಾಡಲು ಒಂದು ಪೀಠವಿದೆ. ಕೆಳಗೆ ಮೀನುಗಾರರಾದ ಹರಿಕಂತ್ರರಿಗೆ, ಖಾರ್ವಿಗಳಿಗೆ, ಹಾಲಕ್ಕಿಗಳಿಗೆ ಸರ್ಕಾರ ಕಿವಿಗೊಟ್ಟು ಕೇಳುವಷ್ಟು ದೊಡ್ಡ ಮಠವಿಲ್ಲ. ಇರುವುದು ಅವರ ದೇವರು, ಅವರ ದೋಣಿ, ಅವರ ಹಗರಣ. ಕರಾವಳಿಯ ಧರ್ಮದ ಬಗ್ಗೆ ಬರೆಯುವವರು ಮಳೆಗಾಲ ಕಳೆದ ಮೇಲೆ ಒಮ್ಮೆ ಕೇಣಿಗೆ ಬರಲಿ. ಮಂಗಳೂರು, ಬೆಂಗಳೂರಿನಿಂದ ಬಂದರೂ ಸರಿ, ಅಂಕೋಲೆ ಬಸ್ ಸ್ಟ್ಯಾಂಡಿನಿಂದ ಆಟೋ ಸಿಗುತ್ತದೆ. ಬಂದು, ಬಂದರು ಬೇಕೋ ಬೇಡವೋ ಎಂಬುದನ್ನು ತಮಗೆ ತಿಳಿದಂತೆ ಬರೆಯಲಿ. ಆದರೆ ಅಲ್ಲಿನ ಹೆಂಗಸರು ಸಮುದ್ರಕ್ಕೆ ಮುಖ ಮಾಡಿ ಏನು ಬೇಡಿಕೊಳ್ಳುತ್ತಾರೆ ಎಂದು ಕೇಳಿಕೊಂಡು ಬರೆಯಲಿ.